ಅಕ್ರಿಲಿಕ್ ಹಾಳೆಯೂ ಪೈಲಟ್‌ನ ಕಣ್ಣೂ

ವೃತ್ತಿಪರಿಚಯ ಮೇಳ ಹತ್ತಿರ ಬಂತೆಂದರೆ ನಮ್ಮ ಶಾಲೆಯಲ್ಲಿ ಡ್ರಿಲ್ ಯಂತ್ರದ ಸದ್ದು ಶುರು. ಈ ಸಲ ಮಕ್ಕಳು ಗಾಜಿನ ಬದಲು ಅಕ್ರಿಲಿಕ್ ಹಾಳೆ ತಂದಿದ್ದರು. ರಕ್ಷಣೆಯ ಕನ್ನಡಕ ಹಾಕದೆ ಯಾರೂ ಡ್ರಿಲ್ ಮುಟ್ಟಬಾರದು ಎಂದು ನಾವು ಹೇಳಿದೆವು. ಒಬ್ಬ ಹುಡುಗ ಕೇಳಿಯೇಬಿಟ್ಟ: "ಮಾಷ್ಟ್ರೇ, ನನ್ನ ಅಜ್ಜಿಯ ಕಣ್ಣಿನ ಒಳಗೇ ಪ್ಲಾಸ್ಟಿಕ್ ಲೆನ್ಸ್ ಇಟ್ಟಿದ್ದಾರೆ. ಅವರಿಗೆ ಏನೂ ಆಗಿಲ್ಲವಲ್ಲ?"

ಪ್ರಶ್ನೆ ಒಳ್ಳೆಯದೇ. ಅಜ್ಜಿಯ ಲೆನ್ಸೂ ಮೇಜಿನ ಮೇಲಿನ ಹಾಳೆಯೂ ಒಂದೇ ಕುಲದವು. ಆ ಸಂಬಂಧದ ಕಥೆಯನ್ನು ಅಂದು ಮಕ್ಕಳಿಗೆ ಹೇಳಿದೆವು, ಇಲ್ಲಿಯೂ ಬರೆದಿಡುತ್ತೇವೆ. ಈ ಹಾಳೆಯ ಜೊತೆ ಬರುವ ಸೂಚನೆಗಳು ಇಂಗ್ಲಿಷಿನಲ್ಲಿ ಇರುತ್ತವೆ, ಕನ್ನಡದಲ್ಲಿ ನಮಗೆ ಸಿಕ್ಕಿದ್ದಿಲ್ಲ.

ಜರ್ಮನಿಯ ಓಟೊ ರೋಮ್ 1901ರಲ್ಲಿ ಅಕ್ರಿಲಿಕ್ ಆಮ್ಲದ ಸಂಯುಕ್ತಗಳ ಬಗ್ಗೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರು. ಅದು ಪಾರದರ್ಶಕ ಹಾಳೆಯಾಗಿ ಕೈಗೆ ಬರಲು ಮೂವತ್ತು ವರ್ಷ ಬೇಕಾಯಿತು. ಅವರ ಕಂಪನಿ 1933ರಲ್ಲಿ 'ಪ್ಲೆಕ್ಸಿಗ್ಲಾಸ್' ಎಂಬ ಹೆಸರು ನೋಂದಾಯಿಸಿತು. ಬ್ರಿಟನ್ನಿನ ಐಸಿಐ ಕಂಪನಿ ಅದೇ ವಸ್ತುವನ್ನು 'ಪರ್ಸ್ಪೆಕ್ಸ್' ಎಂದು ಕರೆಯಿತು. ಎರಡು ಗಾಜಿನ ಫಲಕಗಳ ನಡುವೆ ದ್ರವ ಸುರಿದು ಗಟ್ಟಿ ಮಾಡಿದರೆ ಹಾಳೆ ತಯಾರು. ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ. ವಿಮಾನದವರಿಗೆ ಇಷ್ಟು ಸಾಕಲ್ಲವೇ! ಎರಡನೇ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಪೈಲಟ್‌ಗಳ ತಲೆಯ ಮೇಲಿನ ಮುಚ್ಚಳ ಇದರದ್ದೇ.

1940ರ ಆಗಸ್ಟ್ 15ರಂದು ಗಾರ್ಡನ್ ಕ್ಲೀವರ್ ಎಂಬ ಪೈಲಟ್‌ನ ಹರಿಕೇನ್‌ಗೆ ಶತ್ರುವಿನ ಗುಂಡು ಬಡಿದು ಆ ಮುಚ್ಚಳ ಚೂರುಚೂರಾಯಿತು. ಹೊರಡುವ ಗಡಿಬಿಡಿಯಲ್ಲಿ ಅವನು ಕನ್ನಡಕ ಮರೆತು ಬಂದಿದ್ದನಂತೆ. ಬಲಗಣ್ಣು ಹೋಯಿತು, ಎಡಗಣ್ಣಿಗೂ ತೀವ್ರ ಪೆಟ್ಟಾಯಿತು. ಪ್ಯಾರಾಶೂಟ್‌ನಲ್ಲಿ ಇಳಿದು ಜೀವ ಮಾತ್ರ ಉಳಿಸಿಕೊಂಡ.

ಅವನಂಥ ಪೈಲಟ್‌ಗಳನ್ನು ನೋಡಿದವರಲ್ಲಿ ಒಬ್ಬರು ನೇತ್ರವೈದ್ಯ ಹೆರಾಲ್ಡ್ ರಿಡ್ಲಿ. ಒಳಗೆ ಉಳಿದ ಪರ್ಸ್ಪೆಕ್ಸ್ ಚೂರುಗಳನ್ನು ಕಣ್ಣು ತಿರಸ್ಕರಿಸದೆ ಸುಮ್ಮನೆ ಇಟ್ಟುಕೊಂಡಿದೆ ಎಂದು ಅವರು ಗಮನಿಸಿದರು. ಹಾಗಾದರೆ ಪೊರೆ ಬಂದ ಲೆನ್ಸ್ ತೆಗೆದ ಜಾಗದಲ್ಲಿ ಇದೇ ವಸ್ತುವಿನ ಲೆನ್ಸ್ ಏಕೆ ಇಡಬಾರದು? 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಪ್ರಯತ್ನ ನಡೆಯಿತು. ದೊಡ್ಡ ದೊಡ್ಡ ವೈದ್ಯರು ವರ್ಷಗಟ್ಟಲೆ ವಿರೋಧಿಸಿದರು. ಕಣ್ಣಿನಿಂದ ಹೊರಗಿನ ವಸ್ತು ತೆಗೆಯುವುದನ್ನು ಕಲಿತವರಿಗೆ ಒಳಗೆ ಇಡುವುದೆಂದರೆ ಹುಚ್ಚುತನ! ಕೊನೆಗೆ ಜಗತ್ತು ಒಪ್ಪಿತು. ಮಧುರೈಯ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ಆರಂಭಿಸಿ ಇಂಥ ಲೆನ್ಸ್‌ಗಳನ್ನು ಅಗ್ಗದಲ್ಲಿ ತಯಾರಿಸಿದರು. ಬಡವರ ಮನೆಯ ಅಜ್ಜಿಯಂದಿರಿಗೂ ಲೆನ್ಸ್ ಸಿಗುವಂತಾದುದು ಹಾಗೆ. ಕ್ಲೀವರ್‌ಗೂ 1987ರಲ್ಲಿ ಉಳಿದ ಕಣ್ಣಿಗೆ ಇದೇ ಬಗೆಯ ಲೆನ್ಸ್ ಹಾಕಿದರು.

ಹುಡುಗ ಗೆದ್ದೆ ಎಂಬಂತೆ ನಕ್ಕ. ಆದರೆ ರಿಡ್ಲಿ ಇನ್ನೊಂದು ಮಾತೂ ಹೇಳಿದ್ದರು: ಚೂರಿನ ಚೂಪು ಅಂಚು ಕಣ್ಣಿನ ಸೂಕ್ಷ್ಮವಾದ, ಅಲುಗಾಡುವ ಭಾಗಕ್ಕೆ ತಾಗದಿದ್ದರೆ ಮಾತ್ರ ಅದು ಸುಮ್ಮನಿರುತ್ತದೆ. ಅಜ್ಜಿಯ ಲೆನ್ಸಿಗೆ ನುಣುಪಾದ ಅಂಚು, ಅದನ್ನು ಇಟ್ಟದ್ದು ವೈದ್ಯರ ಕೈ. ಡ್ರಿಲ್‌ನಿಂದ ಸಿಡಿಯುವ ಚೂರಿಗೆ ಎರಡೂ ಇಲ್ಲ. ಕ್ಲೀವರ್‌ನ ಕಣ್ಣು ಕೆಟ್ಟದ್ದು ವಸ್ತುವಿನ ವಿಷದಿಂದಲ್ಲ, ಅದು ಒಳಗೆ ನುಗ್ಗಿದ ರಭಸದಿಂದ.

ಇನ್ನು ಕೆಲಸಕ್ಕೆ ಬರೋಣ. ಹಾಳೆಯ ಮೇಲಿನ ಕಾಗದ ಕೀಳಬೇಡಿ, ಗೆರೆ ಎಳೆಯಲೂ ಗೀರು ತಪ್ಪಿಸಲೂ ಅದು ಬೇಕು. 3 ಮಿಲಿಮೀಟರ್ ದಪ್ಪದ ಹಾಳೆಯಾದರೆ ಉಕ್ಕಿನ ಸ್ಕೇಲ್ ಇಟ್ಟು ಗೀರುವ ಚಾಕುವಿನಿಂದ ಏಳೆಂಟು ಸಲ ಒಂದೇ ಗೆರೆಯಲ್ಲಿ ಎಳೆದು, ಗೀರನ್ನು ಮೇಜಿನ ಅಂಚಿಗೆ ಸರಿಯಾಗಿ ಇಟ್ಟು ಒತ್ತಿದರೆ ಟಕ್ಕನೆ ಮುರಿಯುತ್ತದೆ. ದಪ್ಪದ್ದಕ್ಕೆ ಸಣ್ಣ ಹಲ್ಲಿನ ಗರಗಸ.

ತಾಪತ್ರಯವೆಲ್ಲ ರಂಧ್ರದಲ್ಲಿ. ಉಕ್ಕಿಗೆಂದು ಮಾಡಿದ ಬಿಟ್‌ನ ಚೂಪು ಅಂಚು ಅಕ್ರಿಲಿಕ್ಕನ್ನು ಕಚ್ಚಿ ಎಳೆಯುತ್ತದೆ, ರಂಧ್ರ ಕೆಳಗೆ ತೆರೆಯುವ ಕ್ಷಣದಲ್ಲಿ ಹಾಳೆ ಸೀಳುತ್ತದೆ. ಅಕ್ರಿಲಿಕ್ಕಿಗೆಂದೇ ಇರುವ ಬಿಟ್ ಕೊಳ್ಳಬಹುದು, ಇಲ್ಲವೇ ಹಳೆಯ ಬಿಟ್‌ನ ಕಚ್ಚುವ ಅಂಚನ್ನು ಕಲ್ಲಿಗೆ ಸ್ವಲ್ಪ ಉಜ್ಜಿ ಮೊಂಡು ಮಾಡಬಹುದು. ಕೆಳಗೆ ಮರದ ತುಂಡಿಟ್ಟು ಕ್ಲ್ಯಾಂಪ್ ಬಿಗಿಯಿರಿ. ಕೈಯಲ್ಲಿ ಹಿಡಿಯಲೇಬಾರದು, ಕಚ್ಚಿದ ಹಾಳೆ ಫ್ಯಾನಿನಂತೆ ತಿರುಗಿ ಬೆರಳು ಕೊಯ್ಯುತ್ತದೆ. ವೇಗ ಕಡಿಮೆ ಇರಲಿ, ಆಗಾಗ ಬಿಟ್ ಮೇಲೆತ್ತಿ ತಣಿಯಲು ಬಿಡಿ. ಸುಮಾರು 100 ಡಿಗ್ರಿ ದಾಟಿದರೆ ಅಕ್ರಿಲಿಕ್ ಮೆದುವಾಗಿ ಬಿಟ್‌ಗೆ ಅಂಟುತ್ತದೆ. ಹಾಗೆಂದು ಕರೆಂಟಿನ ಕೈಡ್ರಿಲ್‌ಗೆ ನೀರು ಸುರಿಯಬೇಡಿ! ರಂಧ್ರ ಸ್ಕ್ರೂವಿಗಿಂತ ಸ್ವಲ್ಪ ದೊಡ್ಡದಿರಲಿ, ಬಿಸಿಲಿಗೆ ಹಾಳೆ ಹಿಗ್ಗುತ್ತದೆ: 1 ಮೀಟರ್ ಉದ್ದಕ್ಕೆ 10 ಡಿಗ್ರಿ ಏರಿದರೆ ಸುಮಾರು 0.7 ಮಿಲಿಮೀಟರ್. ಥಿನ್ನರ್ ಹಾಕಿ ಒರೆಸಿದರೆ ಸಣ್ಣ ಸಣ್ಣ ಬಿರುಕು ಬರುತ್ತದೆ, ಸೋಪು ನೀರು ಸಾಕು.

ನಮ್ಮಲ್ಲಿ ಇದ್ದ ರಕ್ಷಣೆಯ ಕನ್ನಡಕಗಳು ಎರಡೇ. ಹಾಗಾಗಿ ಡ್ರಿಲ್ ಹಿಡಿದವನಿಗೆ ಒಂದು, ಪಕ್ಕದಲ್ಲಿ ನಿಂತವನಿಗೆ ಒಂದು, ಉಳಿದವರೆಲ್ಲ ಬಾಗಿಲ ಹೊರಗೆ. ಪ್ರಶ್ನೆ ಕೇಳಿದ ಹುಡುಗನೇ ಮೊದಲು ಹಾಕಿಕೊಂಡ. ಎರಡು ರಂಧ್ರ ಸರಿಯಾಗಿ ಬಂದವು, ಮೂರನೆಯದಕ್ಕೆ ಅವಸರ ಮಾಡಿದ. ಹಾಳೆ ಸೀಳಿ ಚೂರೊಂದು ಕನ್ನಡಕಕ್ಕೆ ಬಡಿದು ಕೆಳಗೆ ಬಿತ್ತು.