ಸ್ವರಲಿಪಿಯೂ ಕೈಯ ಲಿಪಿಯೂ

ದಾನೋಳಿಯಿರುವ ಶಿರೋಳ ತಾಲೂಕಿನಲ್ಲಿಯೇ ಕುರುಂದವಾಡವೂ ಇದೆ. ಪಂಡಿತ ವಿಷ್ಣು ದಿಗಂಬರ ಪಲುಸ್ಕರರು 1872ರಲ್ಲಿ ಜನಿಸಿದ್ದು ಅಲ್ಲಿಯೇ. ಬಾಲ್ಯದಲ್ಲಿ ಪಟಾಕಿ ಸಿಡಿದು ಅವರ ದೃಷ್ಟಿ ಕುಂದಿತು. ಮುಂದೆ ಮಿರಜಿಯಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿ ಗಾಯನವನ್ನು ಕಲಿತರು. ಆ ಕಾಲದಲ್ಲಿ ಈ ವಿದ್ಯೆಗೆ ಗುರುಮುಖವೇ ದಾರಿ. ದೃಷ್ಟಿ ಕುಂದಿದ ಈ ಶಿಷ್ಯರೇ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಸ್ವರಲಿಪಿಯೊಂದನ್ನು ರೂಪಿಸಿ, ಸಂಗೀತದ ಪಾಠಗಳನ್ನು ಅಚ್ಚು ಹಾಕಿಸಿದರು.

ಇದಕ್ಕೂ ಬಹು ಮುಂಚೆ ಯೂರೋಪಿನಲ್ಲಿ ಲ್ಯೂಟ್ ಎಂಬ ತಂತಿವಾದ್ಯಕ್ಕೆ ಬೇರೊಂದು ಬಗೆಯ ಲಿಪಿಯಿತ್ತು. ಅದರ ಹೆಸರು ಟ್ಯಾಬ್ಲೇಚರ್. ಇಟಲಿಯ ಪದ್ಧತಿಯಲ್ಲಿ ಗೆರೆಗಳು ತಂತಿಗಳನ್ನು ಸೂಚಿಸುತ್ತವೆ. 0 ಎಂದರೆ ಬಿಟ್ಟ ತಂತಿ, 1 ಎಂದರೆ ಮೊದಲನೆಯ ಮೆಟ್ಟು. ಅದು ಸ್ವರದ ಹೆಸರನ್ನು ಹೇಳದು, ಬೆರಳಿಡುವ ಸ್ಥಾನವನ್ನು ಹೇಳುತ್ತದೆ. ಹಲವು ದನಿಗಳ ಗಾಯನವನ್ನು ಈ ಲಿಪಿಗೆ ಇಳಿಸುವ ಬಗೆಯನ್ನು ಖಗೋಳಜ್ಞ ಗೆಲಿಲಿಯೋನ ತಂದೆ ವಿನ್ಚೆಂಜೋ ಗೆಲಿಲೈ 1568ರಲ್ಲಿ ‘ಫ್ರೋನಿಮೋ’ ಎಂಬ ಗ್ರಂಥದಲ್ಲಿ ವಿವರಿಸಿದನು.

ಈ ಲಿಪಿಯಲ್ಲಿ ಒಂದು ತೊಡಕುಂಟು. ಅದೇ ವಾದ್ಯದಲ್ಲಿ ಶ್ರುತಿಯನ್ನು ಇಳಿಸಬೇಕಾದರೆ ಅಂಕಿಗಳೆಲ್ಲ ಬದಲಾಗಬೇಕು. 3 ಇದ್ದುದು 2 ಆದೀತು. ಆದರೆ 0 ಯಿಂದ ಕಳೆಯುವುದೇನು? ಆ ಸ್ವರವನ್ನು ಕೆಳಗಿನ ಶ್ರುತಿಯ ಪಕ್ಕದ ತಂತಿಯಲ್ಲಿ ಹುಡುಕಬೇಕು. ಇಂದು ಗಣಕಯಂತ್ರದ ತಂತ್ರಾಂಶಗಳು ಈ ಲೆಕ್ಕವನ್ನು ಕ್ಷಣದಲ್ಲಿ ಮಾಡುತ್ತವೆ. ಅವುಗಳಲ್ಲೊಂದಕ್ಕೆ ಆ ಹಳೆಯ ಗ್ರಂಥದ ಹೆಸರನ್ನೇ ಇಟ್ಟಿದ್ದಾರೆ. ಆದರೂ ಬೆರಳುಗಳು ಅಲ್ಲಿಗೆ ಎಟಕುವವೋ ಇಲ್ಲವೋ ಎಂಬುದನ್ನು ವಾದಕನೇ ನೋಡಿಕೊಳ್ಳಬೇಕು.

ಪಲುಸ್ಕರರ ಲಿಪಿಗೆ ಈ ಲೆಕ್ಕ ಬೇಡ. ಅಲ್ಲಿಯ ಷಡ್ಜಕ್ಕೆ ಗೊತ್ತಾದ ಎತ್ತರವಿಲ್ಲ. ಹಾಡುವವನ ಕಂಠವೇ ಅದನ್ನು ನಿಶ್ಚಯಿಸುತ್ತದೆ. ಷಡ್ಜವನ್ನು ಎಲ್ಲಿಟ್ಟರೂ ಬರೆದ ಪುಟ ಬದಲಾಗದು. ಬದಲಾಗುವುದು ಹಾರ್ಮೋನಿಯಮ್ ನುಡಿಸುವವನ ಬೆರಳು ಮಾತ್ರ.

ಅಷ್ಟನ್ನೂ ನಾವು ಬಹುಕಾಲ ಮಾಡಲಿಲ್ಲ. ನಮ್ಮ ಬೆರಳಿಗೆ ರೂಢಿಯಾಗಿದ್ದುದು ‘ಬಿಳಿ ಒಂದು’. ತರಗತಿಯ ಮಕ್ಕಳಿಗೆಲ್ಲ ಅದರಲ್ಲಿಯೇ ಹಾಡಿಸಿದೆವು. ತಾರಷಡ್ಜ ಬಂದಾಗ ಕೆಲವು ಮಕ್ಕಳು ಬಾಯಿ ಮುಚ್ಚುತ್ತಿದ್ದರು. ದನಿಯಿಲ್ಲದವರೆಂದು ಅವರನ್ನು ಹಿಂದಿನ ಸಾಲಿಗೆ ಕಳುಹಿಸಿದೆವು. ಒಮ್ಮೆ ಎರಡು ಮನೆ ಕೆಳಗಿಳಿದು, ‘ಕಪ್ಪು ಐದ’ರಲ್ಲಿ ಷಡ್ಜವನ್ನಿಟ್ಟು ನುಡಿಸಿದೆವು. ಹಿಂದಿನ ಸಾಲೂ ಹಾಡಿತು.

ಕುರುಂದವಾಡದ ಆ ಮಹನೀಯರು ಲಿಪಿಯಲ್ಲಿ ಕಂಠಕ್ಕೆ ಇಟ್ಟುಕೊಟ್ಟ ಸ್ವಾತಂತ್ರ್ಯವನ್ನು ನಮ್ಮ ಬೆರಳ ಸೋಮಾರಿತನವು ಕಸಿದುಕೊಂಡಿತ್ತು. ಶಿಕ್ಷಕಬಂಧುಗಳು ಪಾಠಕ್ಕೆ ಮುನ್ನ ಮಕ್ಕಳ ಕಂಠದಲ್ಲಿ ಷಡ್ಜವನ್ನು ಹುಡುಕಿ, ಅನಂತರ ಹಾರ್ಮೋನಿಯಮ್ಮಿನ ಮೇಲೆ ಕೈಯಿಡಲಿ.