ಕಡಲು ಒಳನಾಡಿಗೆ ಬರಲಿಲ್ಲ

ಬದಲಾಪುರದ ಪಕ್ಕದಲ್ಲಿ ಉಲ್ಹಾಸ್ ನದಿ ಹರಿಯುತ್ತದೆ. ಮುಂದೆ ಕಲ್ಯಾಣದ ಹತ್ತಿರ ಅದಕ್ಕೆ ಉಬ್ಬರದ ಉಪ್ಪುನೀರು ಬೆರೆತು ನದಿ ಖಾಡಿಯಾಗುತ್ತದೆ, ಕೊನೆಗೆ ವಸಯಿಯಲ್ಲಿ ಸಮುದ್ರ ಸೇರುತ್ತದೆ. ಲೋಕಲ್ ಗಾಡಿಯಲ್ಲಿ ಕೂತ ಉತ್ತರದ ಹಿಂದಿಯವರ ಬಾಯಲ್ಲಿ 'ದರಿಯಾ' ಎಂದರೆ ನದಿ. ಅದೇ ಗಾಡಿಯಲ್ಲಿರುವ ಕೋಲಿ ಮೀನುಗಾರನ ಮರಾಠಿಯಲ್ಲಿ 'ದರ್ಯಾ' ಎಂದರೆ ಸಮುದ್ರ. ಕೊಂಕಣಿಯ 'ದರ್ಯೊ' ಕೂಡ ಸಮುದ್ರವೇ. ಪದ ಒಂದೇ, ಪಾರಸಿಯಿಂದ ಬಂದದ್ದು. ಇರಾನಿನಲ್ಲಿ ಅದರ ಅರ್ಥ ಸಮುದ್ರ. ಪಕ್ಕದ ಅಫ್ಘಾನಿಸ್ತಾನದಲ್ಲಿ ನದಿ, ಅಮು ದರಿಯಾ ಎಂಬ ಹೆಸರಿನಲ್ಲಿರುವಂತೆ.

ನೀರಿನ ಪದಗಳು ಹೀಗೆ ಜಾರುವುದು ಹೊಸದೇನಲ್ಲ. ಸ್ವೀಡನ್ನಿನವರಿಗೆ 'ಶೋ' ಎಂದರೆ ಸರೋವರ, ಆದರೆ ಬಾಲ್ಟಿಕ್ ಸಮುದ್ರದ ಹೆಸರಿನಲ್ಲೂ ಅವರು ಇಟ್ಟಿರುವುದು ಅದೇ ಪದವನ್ನು. ಡೇನರ 'ಸೋ' ಕೂಡ ಹಾಗೆಯೇ, ಬಿಡಿಯಾಗಿ ಸರೋವರ, ಉತ್ತರ ಸಮುದ್ರದ ಹೆಸರಿನೊಳಗೆ ಸಮುದ್ರ. ಐಸ್‌ಲ್ಯಾಂಡಿನವರು ಮಾತ್ರ ಅದೇ ಮೂಲದ ಪದವನ್ನು ಸಮುದ್ರಕ್ಕೇ ಉಳಿಸಿಕೊಂಡು, ಸರೋವರಕ್ಕೆ 'ವಾತ್ನ್', ಅಂದರೆ ಬರಿದೇ 'ನೀರು', ಎಂದುಬಿಟ್ಟರು. ಹಳಗನ್ನಡದ ಕವಿಗಳು ಇದಕ್ಕೆ ಉಲ್ಟಾ: ಅವರ 'ಮುನ್ನೀರ್'ನಲ್ಲಿ ನೀರು ಹೋಗಿ ಸಮುದ್ರವಾಯಿತು.

ಕನ್ನಡದಲ್ಲಿ ಜಾರಿದ ಪದಗಳೆಂದರೆ ಸಮುದ್ರ ಮತ್ತು ಸಾಗರ. ಹೊಯ್ಸಳರ ರಾಜಧಾನಿ ದೋರಸಮುದ್ರ ಇದ್ದದ್ದು ಇಂದಿನ ಹಳೇಬೀಡಿನಲ್ಲಿ, ಘಟ್ಟದ ಮೇಲೆ. ಹೆಸರಿನ ಸಮುದ್ರ ಒಂದು ಕೆರೆ, ಅದು ಇನ್ನೂ ಇದೆ. ಮಲಿಕ್ ಕಾಫೂರನ 1311ರ ದಂಡಯಾತ್ರೆಯನ್ನು ದೆಹಲಿಯಲ್ಲಿ ಕೂತು ಬರೆದ ಅಮೀರ್ ಖುಸ್ರೋ ಆ ಊರನ್ನು 'ಧುರ್ ಸಮುಂದರ್' ಎಂದ. ಅವನ ಓದುಗರು ಅಲ್ಲಿ ಹಡಗುಗಳನ್ನು ಕಲ್ಪಿಸಿಕೊಂಡಿದ್ದರೆ ತಪ್ಪು ಅವರದಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರಕ್ಕೂ ಹೆಸರು ಬಂದದ್ದು ಕೆಳದಿಯ ನಾಯಕರ ಸದಾಶಿವ ಸಾಗರದಿಂದ. ಊರವರಿಗೆ ಅದು ಗಣಪತಿ ಕೆರೆ.

ಇದನ್ನೆಲ್ಲ ಅರಸರ ಬಡಾಯಿ ಎಂದು ತಳ್ಳಿಹಾಕುವುದು ಸುಲಭ. ಬಡಾಯಿ ಇದೆ, ನಿಜ. ಆದರೆ ಬಡಾಯಿಯೊಂದೇ ಕಾರಣವಾಗಿದ್ದರೆ ಒಂದು 'ಬಲ್ಲಾಳಗಡಲು', ಒಂದು 'ಬುಕ್ಕಗಡಲು' ಎಲ್ಲಾದರೂ ಇರಬೇಕಿತ್ತು. ಬುಕ್ಕಸಾಗರ ಹಂಪಿಯ ಹತ್ತಿರವೇ ಇದೆ. ಬುಕ್ಕಗಡಲು ಎಂಬ ಹೆಸರು ಮಾತ್ರ ಕೇಳಿಬರುವುದಿಲ್ಲ.

ಪೋರುಮಾಮಿಳ್ಳದ ಶಾಸನ ಇಲ್ಲಿ ನೆರವಿಗೆ ಬರುತ್ತದೆ. ಈ ಊರು ಆಂಧ್ರದ ಕಡಪ ಸೀಮೆಯದು. ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಅಲ್ಲಿ ಕೆರೆ ಕಟ್ಟಿಸಿ ಅನಂತರಾಜಸಾಗರ ಎಂದು ಹೆಸರಿಟ್ಟ. ದಿನಕ್ಕೆ 1,000 ಆಳುಗಳು, ಕಲ್ಲು ಸಾಗಿಸಲು 100 ಗಾಡಿಗಳು, 2 ವರ್ಷದ ಕೆಲಸ. ಸಂಸ್ಕೃತದ ಆ ಶಾಸನ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ಬರಬಾರದ 6 ದೋಷಗಳನ್ನೂ ಎಣಿಸುತ್ತದೆ. ಮೂರು ಯೋಜನ ದೂರದಿಂದ ಸಿಹಿನೀರು ತರುವ ಹೊಳೆ ಇರಬೇಕು ಎನ್ನುವುದು ಒಂದು ಅಂಗ. ಉಪ್ಪು ನೆಲ ಒಂದು ದೋಷ. ಸಾಗರ ಎಂದು ಹೆಸರು, ಉಪ್ಪು ಇದ್ದರೆ ದೋಷ!

ಬರೆದವರಿಗೆ ಇದರಲ್ಲಿ ವಿರೋಧ ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. 'ಸಮುದ್ರ'ದ ಮೂಲಾರ್ಥ ನೀರು ಕೂಡಿಕೊಳ್ಳುವ ಜಾಗ. 'ಸಾಗರ' ಪುರಾಣದ ಪ್ರಕಾರ ಸಗರನ ಮಕ್ಕಳು ಅಗೆದದ್ದು. ಕೂಡಿದ ನೀರು, ಅಗೆದ ನೆಲ: ಕೆರೆಗೆ ಇನ್ನೇನು ಬೇಕು? ಉಪ್ಪು ಈ ಪದಗಳ ಒಳಗೆ ಇರಲೇ ಇಲ್ಲ.

'ಕಡಲು' ಬೇರೆ ಜಾತಿಯ ಪದ. ತಮಿಳು ಮಲಯಾಳಂಗಳಲ್ಲೂ ತುಳುವಿನಲ್ಲೂ ಕಡಲ್, ತೆಲುಗಿನಲ್ಲಿ ಕಡಲಿ. ಎಲ್ಲ ಕಡೆಯೂ ಅದು ಕಡಲೇ. ಕರಾವಳಿಯವರ ಬಾಯಲ್ಲಿ ಅದು ಮೀನು, ದೋಣಿ, ಕೊರೆತಗಳ ಜೊತೆ ಬದುಕಿದ ಪದ. ಅಂಥ ಪದ ಕಟ್ಟೆಯ ಹಿಂದೆ ನಿಂತ ಸಿಹಿನೀರಿಗೆ ಒಗ್ಗಲಿಲ್ಲ ಎಂದೇ ತೋರುತ್ತದೆ. ಕವಿಗಳ ಹಾಲ್ಗಡಲು ಇದೆಯಲ್ಲ ಎಂದರೆ, ಅದು ಕ್ಷೀರಸಾಗರದ ಅನುವಾದ. ಅಲ್ಲೂ ಹಾಲು ಎಂದು ಮೊದಲೇ ಹೇಳಿಯೇ ಮುಂದುವರಿಯಬೇಕಾಯಿತು.

1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟಲು ತೊಡಗಿದ ಅಣೆಕಟ್ಟಿಗೂ ಕೃಷ್ಣರಾಜಸಾಗರವೆಂದೇ ಹೆಸರಾಯಿತು. ಮಹಾರಾಷ್ಟ್ರದ ಕೊಯ್ನಾ ಜಲಾಶಯ ಶಿವಸಾಗರ, ಜಾಯಕವಾಡಿಯದು ನಾಥಸಾಗರ. ಹಳೆಯ ರೂಢಿ ಸಿಮೆಂಟಿನ ಕಾಲಕ್ಕೂ ನಡೆದು ಬಂತು.

ಬೆಂಗಳೂರಿನಲ್ಲಿ ಇನ್ನೊಂದು ಪದ ಬಳಕೆಗೆ ಬಂತು, 'ಅಂಬುಧಿ'. ಅದೂ ಸಮುದ್ರವೇ, ಬಿಡಿಸಿದರೆ ನೀರನ್ನು ಇಟ್ಟುಕೊಂಡದ್ದು. ಕೆಂಪೇಗೌಡರ ಕಾಲದ್ದೆಂದು ಹೇಳುವ ಕೆಂಪಾಂಬುಧಿ ಗವಿಪುರದ ಬಳಿ ಉಳಿದಿದೆ. ಧರ್ಮಾಂಬುಧಿ ಬತ್ತಿತು, ಅದರ ಅಂಗಳದ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಎದ್ದಿತು. ಏರಿಯ ನೆನಪಿಗೆ ಪಕ್ಕದಲ್ಲಿ ಟ್ಯಾಂಕ್ ಬಂಡ್ ರಸ್ತೆ ಇದೆ. ರಾತ್ರಿ ಮಂಗಳೂರಿನ ಬಸ್ಸು ಹತ್ತಿ ಕಡಲು ನೋಡಲು ಹೊರಟವರು ಸಾಮಾನು ಹಿಡಿದು ಕಾಯುವುದು ಆ ಅಂಬುಧಿಯ ನೆಲದ ಮೇಲೆಯೇ.