ಬಾಯಿಪಾಠದಿಂದ ಹೃದಯಪಾಠಕ್ಕೆ: ಕೀರ್ತನೆಗಳು ನಡೆದು ಬಂದ ದಾರಿ



ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ನಾವು 'ದೇವರ ವಾಕ್ಯದ ಭಾನುವಾರ'ವಾಗಿ ಆಚರಿಸುತ್ತೇವೆ. 2019ರ ಸೆಪ್ಟೆಂಬರ್ 30ರಂದು, ಸಂತ ಜೆರೋಮರ ಹಬ್ಬದ ದಿನ, ವಿಶ್ವಗುರು ಫ್ರಾನ್ಸಿಸ್ ಈ ಆಚರಣೆಯನ್ನು ಸ್ಥಾಪಿಸಿದರು. ಅಂದು ಬೈಬಲನ್ನು ಮೆರವಣಿಗೆಯಲ್ಲಿ ತರುತ್ತೇವೆ, ಹೂ ಏರಿಸುತ್ತೇವೆ, ಧೂಪ ಹಾಕುತ್ತೇವೆ. ಒಳ್ಳೆಯದೇ. ಆದರೆ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ. ಆ ಗ್ರಂಥವನ್ನು ಮುಚ್ಚಿಟ್ಟ ಮೇಲೆ ಅದರಲ್ಲಿ ಎಷ್ಟು ಭಾಗ ನಮ್ಮೊಳಗೆ ಉಳಿಯುತ್ತದೆ? 150 ಕೀರ್ತನೆಗಳಲ್ಲಿ ಒಂದನ್ನಾದರೂ ಪುಸ್ತಕವಿಲ್ಲದೆ, ಮೊಬೈಲ್ ಇಲ್ಲದೆ, ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲೆವೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗುವುದು ಬೇಡ. ಕಿತ್ತೂರಿನ ಹತ್ತಿರದ ದೇಗಾಂವದಿಂದಲೇ ಹೊರಡೋಣ.

ದೇಗಾಂವ ಎಂದರೆ ನಾಡಿನವರಿಗೆಲ್ಲ ನೆನಪಾಗುವುದು ಅಲ್ಲಿಯ ಕಮಲನಾರಾಯಣ ದೇಗುಲ. ಗೋವೆಯ ಕದಂಬರ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಅದನ್ನು ಕಟ್ಟಿಸಿದಳು. ಅದೇ ರಾಣಿಯ ಕೋರಿಕೆಯಂತೆ ಅರಸನು ಈ ಊರನ್ನು ವೇದ ಬಲ್ಲವರಿಗೆ ಅಗ್ರಹಾರವಾಗಿ ಬಿಟ್ಟುಕೊಟ್ಟ ಸಂಗತಿಯನ್ನು 1174ರ ಶಾಸನ ತಿಳಿಸುತ್ತದೆ. ಕಲ್ಲಿನ ಕೆತ್ತನೆಯನ್ನು ನೋಡಲು ಜನ ಇಂದಿಗೂ ಬರುತ್ತಾರೆ. ಆದರೆ ಅಗ್ರಹಾರದ ನಿಜವಾದ ಸಂಪತ್ತು ಕಲ್ಲಿನಲ್ಲಿರಲಿಲ್ಲ, ನಾಲಿಗೆಯ ಮೇಲಿತ್ತು. ವೇದವನ್ನು ಗುರುವಿನ ಬಾಯಿಂದ ಕೇಳಿ, ಶಿಷ್ಯನು ಬಾಯಿಪಾಠ ಮಾಡಬೇಕಿತ್ತು. ಒಂದು ಅಕ್ಷರವೂ ತಪ್ಪಬಾರದೆಂದು ಅವರು ಹಲವು ಪಾಠಕ್ರಮಗಳನ್ನು ಕಂಡುಕೊಂಡಿದ್ದರು. ಕ್ರಮಪಾಠದಲ್ಲಿ ಮೊದಲ ಪದವನ್ನು ಎರಡನೆಯದರೊಡನೆ, ಎರಡನೆಯದನ್ನು ಮೂರನೆಯದರೊಡನೆ ಜೋಡಿಸುತ್ತ ಸರಪಳಿಯಂತೆ ಸಾಗುವುದು. ಜಟೆ, ಘನ ಎಂಬವು ಇನ್ನೂ ಕಠಿಣ.

ಅದೇ ಕಾಲದ ಇನ್ನೊಂದು ನೆನಪೂ ಈ ಸೀಮೆಯಲ್ಲಿದೆ. ಕಲ್ಯಾಣದ ಕ್ರಾಂತಿಯ ನಂತರ ಶರಣರು ವಚನದ ಕಟ್ಟುಗಳನ್ನು ಕಾಪಾಡುತ್ತ ಕಾದರವಳ್ಳಿಯ ಮಾರ್ಗವಾಗಿ ಉಳವಿಯ ಕಡೆಗೆ ಹೋದರೆಂದು ಇಲ್ಲಿಯ ಜನ ಹೇಳುತ್ತ ಬಂದಿದ್ದಾರೆ. ದೇವರ ಮಾತನ್ನು ಪ್ರಾಣಕ್ಕಿಂತ ಹೆಚ್ಚಾಗಿ ಕಾಯಬೇಕು ಎಂಬುದು ಈ ಮಣ್ಣಿಗೆ ಹೊಸ ಪಾಠವಲ್ಲ. ನಮ್ಮ ವಿಶ್ವಾಸದ ಪೂರ್ವಜರೂ ಇದನ್ನೇ ಮಾಡಿದರು.

ಇಸ್ರಯೇಲಿನ ನಾಲಿಗೆ

ಕೀರ್ತನೆಗಳ ಗ್ರಂಥ ಓದುವುದಕ್ಕಿಂತ ಮೊದಲು ಹಾಡುವುದಕ್ಕಾಗಿ ಹುಟ್ಟಿತು. ಮೊದಲನೆಯ ಕೀರ್ತನೆಯೇ ಧನ್ಯನಾದ ಮನುಷ್ಯನ ಲಕ್ಷಣ ಹೇಳುವಾಗ, ಅವನು ಹಗಲಿರುಳು ದೇವರ ಧರ್ಮಶಾಸ್ತ್ರವನ್ನು ಧ್ಯಾನಿಸುತ್ತಾನೆ ಎಂಬ ಭಾವವನ್ನು ಮುಂದಿಡುತ್ತದೆ. ಅಲ್ಲಿ ಬಳಸಿದ ಹೀಬ್ರು ಪದ 'ಹಾಗಾ'. ಅದರ ಮೂಲ ಅರ್ಥ ಸುಮ್ಮನೆ ಕುಳಿತು ಯೋಚಿಸುವುದಲ್ಲ, ತುಟಿ ಅಲ್ಲಾಡಿಸುತ್ತ ಮೆಲ್ಲಗೆ ಗುನುಗುವುದು. ಪ್ರವಾದಿ ಯೆಶಾಯನ ಗ್ರಂಥದಲ್ಲಿ ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ ಪಾರಿವಾಳದ ಮೂಲುಗುವಿಕೆಗೂ ಇದೇ ಪದವಿದೆ. ಅಂದರೆ ಇಸ್ರಯೇಲರಿಗೆ ಧ್ಯಾನವು ಬಾಯಿಯಿಂದ ಆರಂಭವಾಗುತ್ತಿತ್ತು.

ಬಾಯಿಪಾಠಕ್ಕೆ ಅನುಕೂಲವಾಗುವಂತೆಯೇ ಕೀರ್ತನೆಗಳನ್ನು ಕಟ್ಟಲಾಗಿದೆ. ಒಂದು ಸಾಲಿನಲ್ಲಿ ಹೇಳಿದ್ದನ್ನು ಮುಂದಿನ ಸಾಲು ಬೇರೆ ಮಾತಿನಲ್ಲಿ ಮತ್ತೆ ಹೇಳುತ್ತದೆ. 119ನೇ ಕೀರ್ತನೆಯಲ್ಲಿ 176 ವಚನಗಳಿವೆ. ಹೀಬ್ರು ಭಾಷೆಯ 22 ಅಕ್ಷರಗಳಿಗೆ ತಲಾ 8ರಂತೆ ಅಕ್ಷರಮಾಲೆಯ ಕ್ರಮದಲ್ಲಿ ಅವು ಬರುತ್ತವೆ. ಮುಂದಿನ ವಚನ ಯಾವ ಅಕ್ಷರದಿಂದ ಶುರುವಾಗುತ್ತದೆಂದು ಹೇಳುವವನಿಗೆ ಮೊದಲೇ ಗೊತ್ತು. 136ನೇ ಕೀರ್ತನೆಯ 26 ವಚನಗಳಲ್ಲೂ ಒಂದೇ ಪಲ್ಲವಿ ಮರಳಿ ಬರುತ್ತದೆ. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿ ಉಳಿದವರು ಎತ್ತಿಕೊಳ್ಳುವ ಹಾಗೆ. 120ರಿಂದ 134ರವರೆಗಿನ 15 ಕೀರ್ತನೆಗಳು ಜೆರುಸಲೇಮಿಗೆ ಬೆಟ್ಟ ಹತ್ತಿ ಹೋಗುವ ಯಾತ್ರಿಕರ ಹಾಡುಗಳು. ಸವದತ್ತಿಯ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹಾಡುತ್ತ ಹೋಗುವ ನೆರೆಹೊರೆಯವರನ್ನು ಕಂಡ ನಮಗೆ ಆ ಚಿತ್ರವನ್ನು ಬಿಡಿಸಿ ಹೇಳಬೇಕಿಲ್ಲ. ದಾರಿಯಲ್ಲಿ ಯಾರ ಕೈಯಲ್ಲೂ ಪುಸ್ತಕವಿರುವುದಿಲ್ಲ.

ಈ ಹಾಡುಗಳನ್ನು ಮಾತೆ ಮರಿಯಾ ಬಲ್ಲವರಾಗಿದ್ದರು. ಅವರ ಸ್ತುತಿಗೀತೆಯ ತುಂಬ ಕೀರ್ತನೆಗಳ ಮತ್ತು ಹನ್ನಳ ಹಾಡಿನ ದನಿ ಕೇಳಿಸುತ್ತದೆ. ಯೇಸುಸ್ವಾಮಿ ಕೊನೆಯ ಭೋಜನದ ನಂತರ ಶಿಷ್ಯರೊಂದಿಗೆ ಸ್ತುತಿಗೀತೆ ಹಾಡಿ ಓಲಿವ್ ಗುಡ್ಡಕ್ಕೆ ಹೊರಟರೆಂದು ಶುಭಸಂದೇಶ ತಿಳಿಸುತ್ತದೆ. ಮರುದಿನ ಶಿಲುಬೆಯ ಮೇಲೆ, ಕೈಕಾಲು ಮೊಳೆಗೆ ಸಿಕ್ಕಿರುವಾಗ, ಅವರ ತುಟಿಗೆ ಬಂದದ್ದು 22ನೇ ಕೀರ್ತನೆಯ ಮೊದಲ ಮೊರೆ. ಪ್ರಾಣಬಿಡುವಾಗ ಬಂದದ್ದು 31ನೇ ಕೀರ್ತನೆಯ ಮಾತು. ಶಿಲುಬೆಯ ಮೇಲೆ ಗ್ರಂಥವನ್ನು ಯಾರೂ ಬಿಡಿಸಿ ಹಿಡಿಯಲಿಲ್ಲ. ಬಾಲ್ಯದಲ್ಲಿ ನಜರೇತಿನಲ್ಲಿ ಕಲಿತದ್ದೇ ಕಲ್ವಾರಿಯಲ್ಲಿ ಜೊತೆಗಿತ್ತು.

ಮೆಲುಕು ಹಾಕಿದವರು

4ನೇ ಶತಮಾನದ ಈಜಿಪ್ಟಿನಲ್ಲಿ ಸಂತ ಪಕೋಮಿಯುಸರ ಮಠಕ್ಕೆ ಸೇರಬಂದವರು ಓದು ಬಾರದಿದ್ದರೆ ಓದು ಕಲಿಯಬೇಕಿತ್ತು. ಕನಿಷ್ಠ ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಿತ್ತು. ಬುಟ್ಟಿ ಹೆಣೆಯುತ್ತ, ರೊಟ್ಟಿ ಸುಡುತ್ತ ಅವರು ಅವನ್ನೇ ಗುನುಗುತ್ತಿದ್ದರು. ಅದೇ ಶತಮಾನದ ಕೊನೆಯಲ್ಲಿ ಬೆತ್ಲೆಹೇಮಿನಿಂದ ಸಂತ ಜೆರೋಮರ ಬಳಗದವರು ರೋಮಿಗೆ ಬರೆದ ಪತ್ರವೊಂದರಲ್ಲಿ, ಇಲ್ಲಿ ನೇಗಿಲು ಹಿಡಿದವನೂ ಕೊಯ್ಲಿನವನೂ ದ್ರಾಕ್ಷಿತೋಟದವನೂ ಕೀರ್ತನೆಗಳನ್ನೇ ಹಾಡುತ್ತ ದುಡಿಯುತ್ತಾರೆ ಎಂದು ಸಂತೋಷದಿಂದ ವರ್ಣಿಸಿದರು. ಹಂತಿಯ ಪದ, ಬೀಸುವ ಪದ ಕೇಳಿ ಬೆಳೆದ ನಮ್ಮ ಹಿರಿಯರಿಗೆ ಇದು ಅಚ್ಚರಿಯ ಮಾತಲ್ಲ.

6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯಲ್ಲಿ ವಾರಕ್ಕೊಮ್ಮೆ 150 ಕೀರ್ತನೆಗಳೂ ಮುಗಿಯಬೇಕೆಂದು ವಿಧಿಸಿದರು. ಕೀರ್ತನೆ ಕಲಿಯಬೇಕಾದವರಿಗೆ ನಸುಕಿನ ಹೊತ್ತನ್ನು ಮೀಸಲಿಟ್ಟರು. 787ರಲ್ಲಿ ನಡೆದ ನಿಸೇಯದ ಎರಡನೇ ಮಹಾಸಭೆಯಂತೂ ಧರ್ಮಾಧ್ಯಕ್ಷರಾಗುವವರಿಗೆ ಕೀರ್ತನೆಗಳು ಕಂಠಸ್ಥವಾಗಿರಲೇಬೇಕು ಎಂದು ನಿಯಮ ಮಾಡಿತು. 12ನೇ ಶತಮಾನದಲ್ಲಿ, ಅಂದರೆ ದೇಗಾಂವದ ದೇಗುಲ ಎದ್ದು ನಿಂತ ಕಾಲದಲ್ಲೇ, ಫ್ರಾನ್ಸಿನಲ್ಲಿ ಗೀಗೋ ಎಂಬ ಕಾರ್ತೂಸಿಯನ್ ಸನ್ಯಾಸಿ ದೇವರ ವಾಕ್ಯವನ್ನು ಏರುವ ಏಣಿಗೆ ನಾಲ್ಕು ಮೆಟ್ಟಿಲುಗಳಿವೆ ಎಂದು ಬರೆದರು: ಓದು, ಮನನ, ಪ್ರಾರ್ಥನೆ, ದರ್ಶನ. ಆ ಸನ್ಯಾಸಿಗಳು ಮನನವನ್ನು ಹಸು ಮೆಲುಕು ಹಾಕುವುದಕ್ಕೆ ಹೋಲಿಸುತ್ತಿದ್ದರು. ಹಸು ಹೊಲದಲ್ಲಿ ಬೇಗ ಬೇಗ ಮೇಯುತ್ತದೆ. ಕೊಟ್ಟಿಗೆಗೆ ಬಂದು ನೆಮ್ಮದಿಯಿಂದ ಮೆಲುಕು ಹಾಕುತ್ತದೆ. ಹಾಲಾಗುವುದು ಮೆಲುಕಿನಿಂದ.

ಓದು ಬಾರದವರ ಗತಿಯೇನು? ಧರ್ಮಸಭೆ ಅವರನ್ನು ಬಿಡಲಿಲ್ಲ. 150 ಕೀರ್ತನೆಗಳ ಬದಲಿಗೆ ಅವರು 150 ಸಲ ಪರಲೋಕ ಮಂತ್ರ, ಮುಂದೆ 150 ಸಲ ನಮೋ ಮರಿಯಾ ಜಪಿಸುವ ರೂಢಿ ಬೆಳೆಯಿತು. ಜಪಮಾಲೆಗೆ 'ಮಾತೆ ಮರಿಯಳ ಕೀರ್ತನಾವಳಿ' ಎಂಬ ಹೆಸರು ಬಂದದ್ದು ಇದರಿಂದಲೇ. ಸಂಜೆ ದೀಪ ಹಚ್ಚಿ ಜಪಸರ ಹಿಡಿದ ನಮ್ಮ ಅಜ್ಜಿಯಂದಿರು ಅರಿಯದೆಯೇ ಈ ಪರಂಪರೆಗೆ ಸೇರಿದವರು. ಅವರಲ್ಲಿ ಅನೇಕರಿಗೆ ಸಹಿ ಹಾಕಲು ಬಾರದು. ಆದರೆ ಅವರ ಪ್ರಾರ್ಥನೆಗೆ ಪುಸ್ತಕ ಬೇಕಿರಲಿಲ್ಲ.

ಕನ್ನಡದ ಬಾಯಿಗೆ

ಕನ್ನಡ ನಾಡಿನ ಕಥೋಲಿಕರ ಕಿವಿಗೆ ಕೀರ್ತನೆಗಳು ಬಹುಕಾಲ ಲತೀನ್ ಭಾಷೆಯಲ್ಲಿಯೇ ಬಿದ್ದವು. 19ನೇ ಶತಮಾನದಲ್ಲಿ ಬಳ್ಳಾರಿಯ ಪ್ರೊಟೆಸ್ಟಂಟ್ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ ಕನ್ನಡ ಬೈಬಲ್ ಅಚ್ಚಾಯಿತು. ನಮ್ಮ ಬಲಿಪೂಜೆಯಲ್ಲಿ ಮಾತ್ರ ಜನರ ಭಾಷೆಗೆ ಬಾಗಿಲು ತೆರೆದದ್ದು ಎರಡನೇ ವ್ಯಾಟಿಕನ್ ಮಹಾಸಭೆ. 1963ರ ಡಿಸೆಂಬರ್ 4ರಂದು ದೈವಾರಾಧನೆಯ ಕುರಿತ ಸಂವಿಧಾನ ಹೊರಬಂದಿತು. 1965ರ ನವೆಂಬರ್ 18ರಂದು ಬಂದ ದೈವಶ್ರುತಿಯ ಸಂವಿಧಾನವು ವಿಶ್ವಾಸಿಗಳೆಲ್ಲರೂ ಶ್ರೀಗ್ರಂಥವನ್ನು ಓದಬೇಕು, ಆ ಓದಿನ ಜೊತೆಗೆ ಪ್ರಾರ್ಥನೆ ಇರಬೇಕು ಎಂದು ಕರೆಕೊಟ್ಟಿತು. 1969ರ ವಾಚನ ಕ್ರಮದಲ್ಲಿ ಮೊದಲ ವಾಚನದ ನಂತರ ಜನರು ಶ್ಲೋಕ ಹೇಳಿ ಉತ್ತರಿಸುವ ಕೀರ್ತನೆಗೆ ಸ್ಥಾನ ಸಿಕ್ಕಿತು. ಅಂದಿನಿಂದ ಪ್ರತಿ ಭಾನುವಾರ ಕೀರ್ತನೆಯ ಒಂದು ಸಾಲು ನಮ್ಮ ಬಾಯಿಗೆ ಬರುತ್ತಲೇ ಇದೆ.

ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1953ರಲ್ಲಿ. ಈ ಬೈಲಹೊಂಗಲ–ಕಿತ್ತೂರು ಸೀಮೆಯಲ್ಲಿ ದುಡಿದ ಯೇಸುಸಭೆಯ ಗುರುಗಳು ಜನರ ಭಾಷೆಯನ್ನಷ್ಟೇ ಅಲ್ಲ, ಜನರ ಭಕ್ತಿಯ ರೀತಿಯನ್ನೂ ಕಲಿತರು. ದೇಶನೂರಿನಲ್ಲಿ ಸ್ನಾನಿಕ ಅರುಳಪ್ಪನವರ ಹೆಸರಿನಲ್ಲಿ ವಿರಕ್ತಮಠವೇ ಎದ್ದಿತು. ಕಾವಿ ತೊಟ್ಟು, ಸಸ್ಯಾಹಾರಿಗಳಾಗಿ ಸ್ವಾಮಿಗಳು ಅಲ್ಲಿ ಬಾಳಿದರು. ಕೇಳುವುದು, ಮನನ ಮಾಡುವುದು, ಅದರಲ್ಲೇ ನೆಲೆಗೊಳ್ಳುವುದು ಎಂಬ ಈ ನಾಡಿನ ಸಾಧನೆಯ ದಾರಿಯೂ ಗೀಗೋ ಸನ್ಯಾಸಿಯ ಏಣಿಯೂ ಎಷ್ಟು ಹತ್ತಿರದವೆಂದು ಇಲ್ಲಿ ನಿಂತು ನೋಡಿದರೆ ತಿಳಿಯುತ್ತದೆ.

ಇಂದಿನ ಬಡತನ

ಈಗ ಇಡೀ ಬೈಬಲ್ ಮೊಬೈಲಿನಲ್ಲಿದೆ. ಬೇಕಾದ ವಚನ ಕ್ಷಣದಲ್ಲಿ ಸಿಗುತ್ತದೆ. ಸಿಗುತ್ತದೆಂಬ ಧೈರ್ಯದಿಂದಲೇ ನಾವು ನೆನಪಿಡುವುದನ್ನು ಬಿಟ್ಟಿದ್ದೇವೆ. ಆದರೆ ಆಸ್ಪತ್ರೆಯ ತುರ್ತುಕೋಣೆಯ ಹೊರಗೆ ನಿಂತಾಗ, ರಾತ್ರಿ ನಿದ್ದೆ ಬಾರದೆ ಹೊರಳುವಾಗ, ತಾಯಿಯ ಕೊನೆಯುಸಿರಿನ ಬಳಿ ಕುಳಿತಾಗ ಹುಡುಕಿ ಓದುವ ತಾಳ್ಮೆ ಯಾರಿಗಿದೆ? ಆ ಹೊತ್ತಿಗೆ ಒಳಗಿದ್ದದ್ದೇ ಬಾಯಿಗೆ ಬರುತ್ತದೆ.

ವಿಯೆಟ್ನಾಮಿನ ಧರ್ಮಾಧ್ಯಕ್ಷ ಫ್ರಾನ್ಸಿಸ್ ಸೇವಿಯರ್ ವಾನ್ ಥುವಾನ್ 1975ರಲ್ಲಿ ಬಂಧಿತರಾಗಿ 13 ವರ್ಷ ಸೆರೆಯಲ್ಲಿದ್ದರು. ಬೈಬಲ್ ಕೊಂಡೊಯ್ಯಲು ಆಗಿರಲಿಲ್ಲ. ಸಿಕ್ಕ ಕಾಗದದ ಚೂರುಗಳನ್ನು ಕೂಡಿಸಿ, ನೆನಪಿನಲ್ಲಿದ್ದ 300ಕ್ಕೂ ಹೆಚ್ಚು ಶುಭಸಂದೇಶದ ವಾಕ್ಯಗಳನ್ನು ಬರೆದುಕೊಂಡರು. ಅದೇ ಅವರ ನಿತ್ಯದ ಆಹಾರವಾಯಿತು. ಕಾವಲುಗಾರರು ಎಲ್ಲವನ್ನೂ ಕಸಿಯಬಹುದಿತ್ತು. ಮನಸ್ಸಿನಲ್ಲಿ ಬರೆದದ್ದನ್ನು ಕಸಿಯಲಾಗಲಿಲ್ಲ.

ಹೇಗೆ ಸಿದ್ಧರಾಗೋಣ?

ಮೊದಲಿಗೆ 23ನೇ ಕೀರ್ತನೆಯನ್ನು ಆರಿಸಿಕೊಳ್ಳಿ. ಆರೇ ವಚನ. ಸೋಮವಾರದಿಂದ ಶನಿವಾರಕ್ಕೆ ದಿನಕ್ಕೊಂದು. ಭಾನುವಾರ ಬಲಿಪೂಜೆಗೆ ಹೊರಡುವ ಮುನ್ನ ಮನೆಮಂದಿ ಕೂಡಿ ಪೂರ್ತಿ ಕೀರ್ತನೆ.

ಕಲಿಯುವ ಮೊದಲು ಒಂದು ನಿಮಿಷ ಸುಮ್ಮನಿರಿ. ಶಿಲುಬೆಯ ಗುರುತು ಮಾಡಿ, ಪವಿತ್ರಾತ್ಮರನ್ನು ಬೇಡಿಕೊಳ್ಳಿ. ಇದು ಪರೀಕ್ಷೆಯ ಬಾಯಿಪಾಠವಲ್ಲ, ಅತಿಥಿಯನ್ನು ಮನೆಗೆ ಕರೆಯುವ ಸಿದ್ಧತೆ.

ಇಡೀ ಕೀರ್ತನೆಯನ್ನು ಗಟ್ಟಿಯಾಗಿ, ನಿಧಾನವಾಗಿ ಎರಡು ಸಲ ಓದಿ. ನಮ್ಮ ಸೀಮೆಯ ಕುರಿಗಾಹಿಯನ್ನು ಕಣ್ಮುಂದೆ ತಂದುಕೊಳ್ಳಿ: ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ರಾತ್ರಿ ರೈತನ ಹೊಲದಲ್ಲಿ ಮಂದೆಯನ್ನು ತರುಬಿ ತಾನೂ ಅಲ್ಲೇ ಮಲಗುವವನು. ದಾವೀದನೂ ಅಂಥವನೇ ಆಗಿದ್ದ.

ನಂತರ ಆ ದಿನದ ವಚನವನ್ನು ತುಟಿಯಲ್ಲಿ ಗುನುಗಿ. ಮರುದಿನ ಹೊಸ ವಚನಕ್ಕೆ ನೇರ ಹಾರಬೇಡಿ; ನಿನ್ನೆಯದರ ಕೊನೆಯ ಮಾತನ್ನು ಇಂದಿನದರ ಮೊದಲ ಮಾತಿಗೆ ಜೋಡಿಸಿ. ನಾವು ಮರೆಯುವುದು ಸಾಮಾನ್ಯವಾಗಿ ಈ ಸಂದಿಗಳಲ್ಲೇ. ಕ್ರಮಪಾಠ ಮಾಡಿದವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ರೊಟ್ಟಿ ಬಡಿಯುವಾಗ, ಬಸ್ಸಿಗೆ ಕಾಯುವಾಗ, ಹೊಲದ ಬದುವಿನಲ್ಲಿ ನಡೆಯುವಾಗ ಮೆಲುಕು ಹಾಕಿ. ಮಲಗುವಾಗ ಕೊನೆಯ ಮಾತು, ಏಳುವಾಗ ಮೊದಲ ಮಾತು ಅದೇ ಆಗಲಿ.

ಮಾತು ನಾಲಿಗೆಗೆ ಹತ್ತಿದ ಮೇಲೆ ಧ್ಯಾನಕ್ಕೆ ಇಳಿಯಿರಿ. ಒಂದು ಸಂಗತಿ ಗಮನಿಸಿ. ಮೊದಲ ಮೂರು ವಚನಗಳಲ್ಲಿ ಕೀರ್ತನೆಕಾರ ದೇವರ ಬಗ್ಗೆ ಮಾತಾಡುತ್ತಾನೆ, ಬೇರೊಬ್ಬರಿಗೆ ಹೇಳುವವನಂತೆ. ನಾಲ್ಕನೆಯದರಲ್ಲಿ, ಕತ್ತಲ ಕಣಿವೆಗೆ ಕಾಲಿಟ್ಟೊಡನೆ, ದೇವರೊಂದಿಗೇ ಮಾತಾಡತೊಡಗುತ್ತಾನೆ. ಹಸಿರು ಮೇವಿನಲ್ಲಿದ್ದಾಗ 'ಅವರು' ಆಗಿದ್ದವರು ಕತ್ತಲಲ್ಲಿ 'ನೀವು' ಆಗುತ್ತಾರೆ. ನನ್ನ ಜೀವನದ ಯಾವ ಕತ್ತಲಲ್ಲಿ ದೇವರು ನನಗೆ ಹೀಗೆ ಹತ್ತಿರವಾದರು? ಓಡುತ್ತ ಓದುವವರಿಗೆ ಈ ತಿರುವು ಕಾಣಿಸದು. ಬಾಯಿಪಾಠ ಮಾಡಿದವರು ಅದರ ಬಳಿ ಪ್ರತಿದಿನ ನಿಲ್ಲುತ್ತಾರೆ.

ಕೊನೆಯದಾಗಿ, ಕಲಿತದ್ದನ್ನು ಮಕ್ಕಳಿಗೆ ಹೇಳಿಕೊಡಿ. ನಾವು ಮರೆತರೆ ಅವರು ನೆನಪಿಸುತ್ತಾರೆ. ಆಸ್ತಿ ಹಂಚಿದರೆ ಕಡಿಮೆಯಾಗುತ್ತದೆ. ಕೀರ್ತನೆ ಹಂಚಿದರೆ ಹೆಚ್ಚಾಗುತ್ತದೆ.

ಪ್ರಿಯರೇ, ದೇಗಾಂವದ ಕಲ್ಲು ಎಂಟೂವರೆ ಶತಮಾನ ನಿಂತಿದೆ. ಆದರೆ ಅಲ್ಲಿ ಅಂದು ಮೊಳಗಿದ ದನಿಗಳು ಕಲ್ಲಿನಲ್ಲಿ ಉಳಿಯಲಿಲ್ಲ. ದನಿ ಉಳಿಯುವುದು ಬಾಯಿಂದ ಬಾಯಿಗೆ ದಾಟಿದಾಗ ಮಾತ್ರ. ನಜರೇತಿನ ಮನೆಯಿಂದ ಈಜಿಪ್ಟಿನ ಮರುಭೂಮಿಗೆ, ಅಲ್ಲಿಂದ ಮಠಗಳಿಗೆ, ಅಜ್ಜಿಯ ಜಪಸರಕ್ಕೆ, ನಮ್ಮ ಕನ್ನಡ ಬಲಿಪೂಜೆಗೆ ದಾಟಿ ಬಂದ ದನಿ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತಿದೆ. ಅದು ಮುಂದಕ್ಕೆ ದಾಟುವುದೋ, ನಮ್ಮಲ್ಲಿಗೇ ನಿಲ್ಲುವುದೋ ನಮ್ಮ ಕೈಯಲ್ಲಿದೆ.

ಪ್ರಭುವೇ, ನಿಮ್ಮ ವಾಕ್ಯವನ್ನು ನಮ್ಮ ತುಟಿಗೆ ತನ್ನಿರಿ; ತುಟಿಯಿಂದ ಹೃದಯಕ್ಕೆ ಇಳಿಸಿರಿ; ಹೃದಯದಿಂದ ನಮ್ಮ ಕೈಗಳ ಕೆಲಸಕ್ಕೆ ಹರಿಸಿರಿ. ಪುಸ್ತಕ ಹಿಡಿಯಲಾಗದ ದಿನ ನಮಗೆ ಬಂದಾಗ, ಕಲಿತ ಕೀರ್ತನೆ ನಮ್ಮನ್ನು ಹಿಡಿದುಕೊಳ್ಳಲಿ. ಆಮೆನ್.